ವಿದ್ಯಾಸುಂದರಿ ಬೆಂಗಳೂರು ನಾಗರತ್ನಮ್ಮ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಕಣ್ಣು ಹರಿದತ್ತ ತೆಂಗಿನ ತೋಟಗಳು. ಕಿಬ್ಬನಹಳ್ಳಿಯ ಸುತ್ತಣ ಹಳ್ಳಿಗಳಲ್ಲಿ ರೈತನ ಬಾಳು ಈ ಮರದೊಡನೆ ಹೆಣೆದುಕೊಂಡಿದೆ. ಬೇಸಿಗೆಯ ಬಿಸಿಲಿನಲ್ಲಿ ಎಳೆಯ ಸಸಿಯ ಬುಡಕ್ಕೆ ಕೊಡಗಟ್ಟಲೆ ನೀರು ಹೊತ್ತು ಎರೆದು ಅದನ್ನು ಉಳಿಸಿಕೊಳ್ಳುತ್ತಾರೆ. ಮರವಾಗಿ ಬೆಳೆದ ಮೇಲೆ ತೆಂಗು ಆ ಉಪಕಾರವನ್ನು ಮರೆಯುವುದಿಲ್ಲ. ಬುಡದಲ್ಲಿ ಕುಡಿದ ಸಾದಾ ನೀರನ್ನು ಅದು ಸಿಹಿಯಾದ ಎಳನೀರಾಗಿಸಿ, ತಲೆಯ ಮೇಲೆ ಹೊತ್ತು, ಬಾಳುವವರೆಗೂ ಕೊಡುತ್ತಲೇ ಇರುತ್ತದೆ. ಆದುದರಿಂದಲೇ ಹಿರಿಯರು ಕೃತಜ್ಞತೆಗೆ ತೆಂಗಿನ ಮರವನ್ನು ನಿದರ್ಶನವಾಗಿ ಹೇಳುತ್ತ ಬಂದಿದ್ದಾರೆ.

ಪಡೆದುದನ್ನು ಇಮ್ಮಡಿಯಾಗಿ ಹಿಂದಿರುಗಿಸುವ ಈ ಗುಣ ಮನುಷ್ಯರಲ್ಲಿ ಅಪರೂಪ. ಕೀರ್ತಿಯನ್ನೂ ಹಣವನ್ನೂ ಗಳಿಸಿದವರಲ್ಲಂತೂ ಇನ್ನೂ ಅಪರೂಪ. ಅಂತಹ ಅಪರೂಪದ ವ್ಯಕ್ತಿಗಳ ಸಾಲಿಗೆ ಸೇರಿದವರು ಬೆಂಗಳೂರು ನಾಗರತ್ನಮ್ಮನವರು. ಅವರು ತಮ್ಮ ಕಾಲದ ಬಹು ಜನಪ್ರಿಯ ಗಾಯಕಿ. ರಾಜಸ್ಥಾನಗಳ ಮನ್ನಣೆ, ವಿದ್ವತ್ಸಭೆಗಳ ಬಿರುದು, ಸಾಮಾನ್ಯ ಜನರ ಪ್ರೀತಿ ಇವೆಲ್ಲವೂ ಅವರಿಗೆ ದೊರೆತವು. ದೊರೆತುದನ್ನು ಅವರು ಏನು ಮಾಡಿದರು ಎಂಬುದರಲ್ಲಿಯೇ ಅವರ ಬಾಳಿನ ಹಿರಿಮೆ ಇದೆ.

ನಾಗರತ್ನಮ್ಮನವರು 1878ರ ನವೆಂಬರ್ 3ರಂದು ಕಪಿಲಾ ನದಿಯ ದಡದ ನಂಜನಗೂಡಿನಲ್ಲಿ ಜನಿಸಿದರು. ತಾಯಿ ಪುಟ್ಟಲಕ್ಷ್ಮಮ್ಮ ದೇವದಾಸಿ ಮನೆತನಕ್ಕೆ ಸೇರಿದವರು. ಆ ಕಾಲದಲ್ಲಿ ಸಂಗೀತ, ನೃತ್ಯ, ಸಾಹಿತ್ಯಗಳನ್ನು ತಲೆಮಾರಿನಿಂದ ತಲೆಮಾರಿಗೆ ಕಾಪಾಡಿಕೊಂಡು ಬಂದ ಹೆಣ್ಣುಮಕ್ಕಳು ಈ ಮನೆತನಗಳವರು. ದೇವಾಲಯಕ್ಕೂ ಅರಮನೆಗೂ ಅವರ ಕಲೆ ಬೇಕಾಗಿತ್ತು. ಆದರೆ ಸಮಾಜದಲ್ಲಿ ಅವರಿಗೆ ಸಮಾನವಾದ ಸ್ಥಾನವಿರಲಿಲ್ಲ. ತಂದೆ ಮೈಸೂರಿನ ವಕೀಲರು. ಮಗು ಇನ್ನೂ ಚಿಕ್ಕದಾಗಿರುವಾಗಲೇ ಅವರ ಆಸರೆ ತಪ್ಪಿಹೋಯಿತು. ಕೈಯಲ್ಲಿ ಕಾಸಿಲ್ಲದ ತಾಯಿಗೆ ಉಳಿದದ್ದು ಒಂದೇ ಹಂಬಲ: ಮಗಳು ವಿದ್ಯಾವಂತೆಯಾಗಬೇಕು.

ಪುಟ್ಟಲಕ್ಷ್ಮಮ್ಮ ಮಗಳನ್ನು ಮೈಸೂರಿನ ವಿದ್ವಾಂಸರಾದ ಗಿರಿಭಟ್ಟರ ತಿಮ್ಮಯ್ಯಶಾಸ್ತ್ರಿಗಳ ಬಳಿಗೆ ಕರೆದುಕೊಂಡು ಹೋದರು. ಶಾಸ್ತ್ರಿಗಳು ಹುಡುಗಿಗೆ ಸಂಸ್ಕೃತವನ್ನೂ ಸಂಗೀತವನ್ನೂ ಹೇಳಿಕೊಟ್ಟರು. ಒಂಬತ್ತು ವರ್ಷ ತುಂಬುವಷ್ಟರಲ್ಲಿ ಅವಳು ಕಾವ್ಯಪಾಠಗಳನ್ನು ಸ್ಪಷ್ಟವಾಗಿ ಒಪ್ಪಿಸುವಷ್ಟು ಮುಂದುವರಿದಿದ್ದಳು. ಆದರೆ ಬಡ ದೇವದಾಸಿಯ ಮಗಳಿಗೆ ಇಂತಹ ವಿದ್ಯೆ ಸಲ್ಲುವುದು ಹಲವರಿಗೆ ಸೈರಣೆಯಾಗಲಿಲ್ಲ. ಗುರುಗಳ ಮನಸ್ಸೂ ಕೆಟ್ಟಿತು; ಪಾಠ ನಿಂತಿತು. ಈ ಹುಡುಗಿಗೆ ಸಗಣಿ ಬಾಚುವ ಕೆಲಸವೇ ಗತಿ ಎಂಬ ಕಟುವಾದ ಮಾತನ್ನೂ ತಾಯಿ ಕೇಳಬೇಕಾಯಿತೆಂದು ಹೇಳುತ್ತಾರೆ. ಆ ಮಾತು ತಾಯಿಯ ಎದೆಯಲ್ಲಿ ನೆಟ್ಟಿತು. ಮಗಳು ವಿದುಷಿಯೆನಿಸಿಕೊಂಡ ಮೇಲೆಯೇ ಮೈಸೂರಿಗೆ ಕಾಲಿಡುವುದೆಂದು ನಿಶ್ಚಯಿಸಿ ಅವರು ಊರು ಬಿಟ್ಟರು.

ಕೆಲವು ಕಾಲ ಅಲೆದಾಡಿದ ಬಳಿಕ ತಾಯಿಮಕ್ಕಳು ಬೆಂಗಳೂರಿಗೆ ಬಂದು ನೆಲೆಸಿದರು. ಇಲ್ಲಿ ನಾಗರತ್ನಳಿಗೆ ಮುನಿಸ್ವಾಮಪ್ಪ ಎಂಬ ಸಂಗೀತ ವಿದ್ವಾಂಸರ ಶಿಷ್ಯತ್ವ ದೊರೆಯಿತು. ಮುನಿಸ್ವಾಮಪ್ಪನವರು ವಾಲಾಜಾಪೇಟೆಯ ಕೃಷ್ಣಸ್ವಾಮಿ ಭಾಗವತರ ಶಿಷ್ಯರು. ಕೃಷ್ಣಸ್ವಾಮಿ ಭಾಗವತರು ತ್ಯಾಗರಾಜಸ್ವಾಮಿಗಳಿಂದಲೇ ನೇರವಾಗಿ ಪಾಠ ಹೇಳಿಸಿಕೊಂಡವರು. ಹೀಗೆ ಕಾವೇರಿ ತೀರದ ತಿರುವೈಯಾರಿನಲ್ಲಿ ಬಾಳಿದ ಆ ಮಹಾ ವಾಗ್ಗೇಯಕಾರರ ವಿದ್ಯೆ ಗುರುಪರಂಪರೆಯ ಮೂಲಕ ಬೆಂಗಳೂರಿನ ಒಬ್ಬ ಬಡ ಬಾಲಕಿಯನ್ನು ತಲಪಿತು. ಕಿಟ್ಟಣ್ಣ ಎಂಬವರು ಅವಳಿಗೆ ನೃತ್ಯ ಕಲಿಸಿದರು. ಪಿಟೀಲು ವಾದನದಲ್ಲಿಯೂ ಅವಳಿಗೆ ಶಿಕ್ಷಣ ದೊರೆಯಿತು. ಮನೆಮಾತು ಕನ್ನಡದ ಜೊತೆಗೆ ಸಂಸ್ಕೃತ, ತೆಲುಗು, ತಮಿಳುಗಳಲ್ಲಿಯೂ ಅವಳು ಪರಿಶ್ರಮ ಪಡೆದಳು. ಹಾಡುವ ಪದದ ಅರ್ಥವನ್ನು ಅರಿಯದೆ ಹಾಡಬಾರದೆಂಬ ನಿಷ್ಠೆ ಅವರಲ್ಲಿ ಕೊನೆಯವರೆಗೂ ಉಳಿದದ್ದು ಈ ಭಾಷಾಜ್ಞಾನದಿಂದ.

ಹದಿನೈದರ ಹರೆಯದಲ್ಲಿ ನಾಗರತ್ನಮ್ಮ ವಿದ್ವಾಂಸರ ಮುಂದೆ ಮೊದಲ ಬಾರಿಗೆ ತಮ್ಮ ಕಲೆಯನ್ನು ಪ್ರದರ್ಶಿಸಿದರು. ಆಗ ಮೈಸೂರನ್ನು ಹತ್ತನೆಯ ಚಾಮರಾಜೇಂದ್ರ ಒಡೆಯರು ಆಳುತ್ತಿದ್ದರು. ಅರಮನೆಯಲ್ಲಿ ಹಾಡುವ ಅವಕಾಶ ನಾಗರತ್ನಮ್ಮನವರಿಗೆ ಲಭಿಸಿತು. ಮಹಾರಾಜರ ಮನ್ನಣೆಯೂ ದೊರೆಯಿತು. ಯಾವ ಊರನ್ನು ತಾಯಿ ಮಗಳ ಕೈಹಿಡಿದು ಕಣ್ಣೀರಿನಿಂದ ಬಿಟ್ಟಿದ್ದರೋ ಆ ಊರೇ ಆ ಮಗಳನ್ನು ಗೌರವದಿಂದ ಬರಮಾಡಿಕೊಂಡಿತು. ನಾಗರತ್ನಮ್ಮನವರಿಗೆ ಸಂದ ಮೊದಲ ದೊಡ್ಡ ಪುರಸ್ಕಾರ ಇದು. ಇದರ ಹಿಂದೆ ತಾಯಿಯ ಛಲವಿತ್ತು. ಆದರೆ ಮಗಳ ಏಳಿಗೆಯನ್ನು ಬಹುಕಾಲ ನೋಡುವ ಭಾಗ್ಯ ಆ ತಾಯಿಗಿರಲಿಲ್ಲ. ಇತ್ತ ಮಹಾರಾಜರೂ 1894ರಲ್ಲಿ ಕಾಲವಾದರು. ನಾಗರತ್ನಮ್ಮ ತಮ್ಮ ಕಲೆಯನ್ನೇ ನಂಬಿ ಮುಂದೆ ನಡೆಯಬೇಕಾಯಿತು.

ಆ ದಿನಗಳಲ್ಲಿ ಕಲಾವಿದರಿಗೆ ಸಲ್ಲುತ್ತಿದ್ದ ಗೌರವದ ಬಗೆಯೇ ಬೇರೆ. ವರ್ಷಕ್ಕೊಮ್ಮೆ ಪ್ರಕಟವಾಗುವ ಪ್ರಶಸ್ತಿಗಳ ಪಟ್ಟಿ ಆಗ ಇರಲಿಲ್ಲ. ಅರಸರು, ಜಮೀನ್ದಾರರು, ಧನಿಕರು ಮೆಚ್ಚಿದರೆ ಶಾಲು ಹೊದಿಸುವರು, ಚಿನ್ನದ ತೋಡಾ ತೊಡಿಸುವರು, ತಾಂಬೂಲದೊಡನೆ ಸಂಭಾವನೆ ಕೊಡುವರು. ಮೆಚ್ಚಿದ ದೊರೆ ಇರುವವರೆಗೆ ಈ ಮನ್ನಣೆ; ಅವನ ಕಾಲ ಮುಗಿದೊಡನೆ ಕಲಾವಿದರ ಯೋಗಕ್ಷೇಮವನ್ನು ಕೇಳುವವರು ಇರುತ್ತಿರಲಿಲ್ಲ. ಬೆಂಗಳೂರಿನಲ್ಲಿ ನ್ಯಾಯಮೂರ್ತಿ ನರಹರಿರಾಯರು ನಾಗರತ್ನಮ್ಮನವರ ವಿದ್ವತ್ತನ್ನು ಗುರುತಿಸಿ ಆಶ್ರಯವಿತ್ತರು. ಹೆಚ್ಚಿನ ಅವಕಾಶಗಳನ್ನು ಅರಸಿ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅವರು ಮದರಾಸಿಗೆ ಹೋಗಿ ನೆಲೆಸಿದರು.

ಮದರಾಸು ಆಗ ದಕ್ಷಿಣ ಭಾರತದ ಸಂಗೀತದ ತವರಾಗಿ ಬೆಳೆಯುತ್ತಿತ್ತು. ಅರಮನೆಯ ಅಂಗಳದಲ್ಲಿದ್ದ ಸಂಗೀತ ನಗರದ ಸಭೆಗಳಿಗೆ ಬರುತ್ತಿದ್ದ ಕಾಲ ಅದು. ಅದೇ ಹೊತ್ತಿಗೆ ಗ್ರಾಮಫೋನ್ ಎಂಬ ಹೊಸ ಯಂತ್ರವೂ ಬಂದಿತು. ಅನೇಕ ಹಿರಿಯ ವಿದ್ವಾಂಸರು ಅದರ ಕೊಳವೆಯ ಮುಂದೆ ಹಾಡಲು ಹಿಂಜರಿಯುತ್ತಿದ್ದಾಗ ನಾಗರತ್ನಮ್ಮನವರಂತಹ ಗಾಯಕಿಯರು ಧೈರ್ಯದಿಂದ ಹಾಡಿದರು. ಕೆಲವೇ ನಿಮಿಷಗಳ ಆ ತಟ್ಟೆಗಳು ಅವರ ಕಂಠವನ್ನು ಅವರು ಕಾಣದ ಮನೆಗಳಿಗೂ ಒಯ್ದವು. ಗಂಡಸಿನಂತೆ ಗಂಭೀರವಾದ, ತುಂಬಿದ ಕಂಠ ಅವರದು. ಯದುಕುಲಕಾಂಭೋಜಿ ರಾಗವನ್ನು ಅವರು ಹಾಡುವ ಬಗೆಗೆ ಜನ ಮರುಳಾದರು. ಹರಿಕಥೆ ಮಾಡುವುದನ್ನೂ ಅವರು ಅಭ್ಯಾಸ ಮಾಡಿದರು.

ಅವರ ಕಚೇರಿಗಳ ಲೆಕ್ಕ ಸಾವಿರವನ್ನು ಮೀರಿತು. ತಾವು ಹಾಡಿದ ಊರು, ದಿನಗಳನ್ನು ಬರೆದಿಡುವ ಶಿಸ್ತು ಅವರಲ್ಲಿತ್ತು. ದುಡಿದ ಹಣಕ್ಕೆ ಸರ್ಕಾರಕ್ಕೆ ಸಲ್ಲಬೇಕಾದುದನ್ನು ತಪ್ಪದೆ ಸಲ್ಲಿಸಿ, ಮದರಾಸಿನಲ್ಲಿ ವರಮಾನ ತೆರಿಗೆ ಕಟ್ಟಿದ ಮೊದಲ ಕಲಾವಿದೆ ಎಂದು ಹೆಸರಾದರು. ಗಾನಕಲಾವಿಶಾರದೆ, ವಿದ್ಯಾಸುಂದರಿ ಎಂಬ ಬಿರುದುಗಳು ಅವರನ್ನು ಅರಸಿ ಬಂದವು. ಇವುಗಳಲ್ಲಿ ವಿದ್ಯಾಸುಂದರಿ ಎಂಬುದು ಅವರ ಹೆಸರಿನೊಡನೆ ಬೆಸೆದುಹೋಯಿತು. ಒಬ್ಬ ಗಾಯಕಿಗೆ ಕಂಠಕ್ಕಾಗಿ ಮಾತ್ರವಲ್ಲದೆ ವಿದ್ಯೆಗಾಗಿಯೂ ಬಿರುದು ಸಂದುದು ಸಣ್ಣ ಸಂಗತಿಯಲ್ಲ. ಚಿಕ್ಕಂದಿನಲ್ಲಿ ವಿದ್ಯೆಗೆ ಅನರ್ಹಳೆಂದು ದೂರವಿಟ್ಟ ಹೆಣ್ಣನ್ನು ಜನ ವಿದ್ಯೆಯ ಹೆಸರಿನಿಂದಲೇ ಕರೆದರು.

ತಮಗೆ ಮನ್ನಣೆ ದೊರೆತಾಗ, ಮನ್ನಣೆ ದೊರೆಯದವರನ್ನು ನೆನೆಯುವುದು ದೊಡ್ಡ ಮನಸ್ಸಿನ ಲಕ್ಷಣ. ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹ ರಾಜನ ಆಸ್ಥಾನದಲ್ಲಿ ಮುದ್ದುಪಳನಿ ಎಂಬ ಕವಯಿತ್ರಿ ಇದ್ದಳು. ಅವಳು ತೆಲುಗಿನಲ್ಲಿ ರಚಿಸಿದ ರಾಧಿಕಾಸಾಂತ್ವನವೆಂಬ ಕಾವ್ಯವನ್ನು ಓದಿ ನಾಗರತ್ನಮ್ಮ ಸಂತೋಷಪಟ್ಟರು. ಆದರೆ ಅಚ್ಚಾಗಿದ್ದ ಪುಸ್ತಕವನ್ನು ಹಸ್ತಪ್ರತಿಯೊಡನೆ ಹೋಲಿಸಿದಾಗ ಹಲವು ಪದ್ಯಗಳನ್ನು ಬಿಟ್ಟಿರುವುದು ಕಂಡುಬಂದಿತು. ಕವಯಿತ್ರಿ ತನ್ನ ವಂಶದ ಹೆಣ್ಣುಮಕ್ಕಳ ವಿದ್ವತ್ತನ್ನು ಹೇಳಿಕೊಂಡಿದ್ದ ಪೀಠಿಕೆಯ ಭಾಗವೂ ಕಾಣೆಯಾಗಿತ್ತು. ನಾಗರತ್ನಮ್ಮ ಸುಮ್ಮನಿರಲಿಲ್ಲ. ಶ್ರಮವಹಿಸಿ ಪಾಠವನ್ನು ತಿದ್ದಿ, 1910ರಲ್ಲಿ ಮದರಾಸಿನ ವಾವಿಳ್ಳ ಸಂಸ್ಥೆಯ ಮೂಲಕ ಇಡೀ ಕಾವ್ಯವನ್ನು ಪ್ರಕಟಿಸಿದರು.

ಕಾವ್ಯದಲ್ಲಿ ಶೃಂಗಾರ ಹೆಚ್ಚಾಯಿತೆಂದು ದೊಡ್ಡ ವಿದ್ವಾಂಸರೇ ಆಕ್ಷೇಪಿಸಿದರು. ಗಂಡಸರು ಬರೆದ ಕಾವ್ಯಗಳಲ್ಲಿ ದೋಷವೆನಿಸದ ರಸ ಹೆಣ್ಣೊಬ್ಬಳು ಬರೆದಾಗ ಮಾತ್ರ ದೋಷವಾಗುವುದು ಹೇಗೆಂಬುದು ನಾಗರತ್ನಮ್ಮನವರ ಪ್ರಶ್ನೆಯಾಗಿತ್ತು. ಸರ್ಕಾರವು 1911ರಲ್ಲಿ ಪುಸ್ತಕದ ಪ್ರತಿಗಳನ್ನು ಮುಟ್ಟುಗೋಲು ಹಾಕಿಕೊಂಡಿತು. ಟಂಗುಟೂರಿ ಪ್ರಕಾಶಂ ಅವರು ಮದರಾಸು ಪ್ರಾಂತದ ಆಡಳಿತದ ಮುಖ್ಯಸ್ಥರಾದ ಮೇಲೆ, ಸ್ವಾತಂತ್ರ್ಯ ಬರುವ ಹೊತ್ತಿಗೆ, ಆ ನಿಷೇಧ ತೊಲಗಿತು. ಅಷ್ಟರಲ್ಲಿ ಮೂರೂವರೆ ದಶಕಗಳು ಕಳೆದಿದ್ದವು. ಎಂದೋ ಮರೆಯಾಗಿದ್ದ ಒಬ್ಬ ಕವಯಿತ್ರಿಗೆ ಸಲ್ಲಬೇಕಾದ ಗೌರವಕ್ಕಾಗಿ ನಾಗರತ್ನಮ್ಮ ತಮ್ಮ ಗೌರವವನ್ನೇ ಪಣಕ್ಕೆ ಒಡ್ಡಿದ್ದರು.

ತಮ್ಮ ಸಮುದಾಯದ ವಿಷಯದಲ್ಲಿಯೂ ಅವರು ಇದೇ ನಿಲುವನ್ನು ತಾಳಿದರು. ದೇವದಾಸಿ ಪದ್ಧತಿಯಿಂದ ಹೆಣ್ಣುಮಕ್ಕಳಿಗೆ ಆಗುತ್ತಿದ್ದ ಅನ್ಯಾಯವನ್ನು ಕಂಡು ಮರುಗಿದ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು 1927ರಲ್ಲಿ ಮದರಾಸು ಶಾಸನಸಭೆಯಲ್ಲಿ ಆ ಪದ್ಧತಿಯ ನಿವಾರಣೆಗೆ ಮುಂದಾದರು. ಅವರ ಉದ್ದೇಶ ಉದಾತ್ತವಾದುದು. ಮದರಾಸಿನ ದೇವದಾಸಿಯರ ಸಂಘದ ಮುಂದಾಳಾಗಿದ್ದ ನಾಗರತ್ನಮ್ಮನವರಿಗೆ ಇನ್ನೊಂದು ಚಿಂತೆ. ಕಲೆಯನ್ನು ಕಾಪಾಡಿದ ಕುಲವನ್ನು ಜನ ಕೇವಲ ಕಳಂಕವೆಂದು ಭಾವಿಸಿದರೆ, ಆ ಹೆಣ್ಣುಮಕ್ಕಳ ವಿದ್ಯೆಗೂ ಆಸ್ತಿಯ ಹಕ್ಕಿಗೂ ಕುತ್ತು ಬರುವುದೆಂದು ಅವರು ಅಂಜಿದರು. ಮುಂದೆ 1947ರಲ್ಲಿ ಆ ಪದ್ಧತಿ ಮದರಾಸು ಪ್ರಾಂತದಲ್ಲಿ ಕಾನೂನಿನ ಮೂಲಕ ಕೊನೆಗೊಂಡಿತು. ಇಬ್ಬರೂ ಹೆಣ್ಣಿನ ಮರ್ಯಾದೆಗಾಗಿಯೇ ಮಾತನಾಡಿದರು. ಅವರು ಹಿಡಿದ ದಾರಿಗಳು ಬೇರೆಯಾಗಿದ್ದವು.

ಕೀರ್ತಿಯ ಶಿಖರದಲ್ಲಿದ್ದಾಗಲೇ ನಾಗರತ್ನಮ್ಮನವರ ಬಾಳು ಹೊಸ ತಿರುವನ್ನು ಪಡೆಯಿತು. ತ್ಯಾಗರಾಜಸ್ವಾಮಿಗಳು 1847ರ ಜನವರಿ 6ರಂದು, ಪುಷ್ಯ ಬಹುಳ ಪಂಚಮಿಯ ದಿನ, ತಿರುವೈಯಾರಿನಲ್ಲಿ ದೇಹ ಬಿಟ್ಟಿದ್ದರು. ಕಾವೇರಿಯ ದಡದಲ್ಲಿ ಅವರ ಸಮಾಧಿ ಇತ್ತು. ಶಿಷ್ಯಪರಂಪರೆಯವರು ಆಗಾಗ ಅದನ್ನು ನೋಡಿಕೊಂಡರೂ ಸರಿಯಾದ ಕಟ್ಟಡವಿಲ್ಲದೆ, ಆರೈಕೆಯಿಲ್ಲದೆ ಅದು ಪಾಳುಬಿದ್ದಿತ್ತು. ಮೈಸೂರಿನ ಹೆಸರಾಂತ ವಿದ್ವಾಂಸರಾದ ಬಿಡಾರಂ ಕೃಷ್ಣಪ್ಪನವರಿಂದ ಈ ದುಃಸ್ಥಿತಿಯ ಸುದ್ದಿ ನಾಗರತ್ನಮ್ಮನವರಿಗೆ ತಿಳಿಯಿತು. ತಾವು ಹಾಡಿ ಅನ್ನ ಉಂಡದ್ದು ಯಾರ ಕೃತಿಗಳಿಂದಲೋ, ಶಾಲು ಬಿರುದುಗಳು ಬಂದದ್ದು ಯಾರ ಕೃಪೆಯಿಂದಲೋ, ಆ ಗುರುವಿನ ನೆಲೆ ಬಿಸಿಲು ಮಳೆಗಳಲ್ಲಿ ನೆನೆಯುತ್ತಿದೆ ಎಂಬುದು ಅವರಿಗೆ ತಾಳಲಾರದ ನೋವಾಯಿತು.

ನಾಗರತ್ನಮ್ಮ ತಿರುವೈಯಾರಿಗೆ ಧಾವಿಸಿದರು. ಸುತ್ತಲಿನ ಜಾಗವನ್ನು ದೊರಕಿಸಿಕೊಂಡರು. 1921ರ ಅಕ್ಟೋಬರಿನಲ್ಲಿ ಗುಡಿಗೆ ಅಡಿಗಲ್ಲು ಬಿದ್ದಿತು. ಕಟ್ಟಡಕ್ಕೆ ಬೇಕಾದ ಹಣಕ್ಕಾಗಿ ಅವರು ತಮ್ಮ ಗಳಿಕೆಯನ್ನು ಸುರಿದರು; ಆಭರಣಗಳನ್ನು ಮಾರಿದರು. ಸಭೆಗಳಲ್ಲಿ ಗೌರವದ ಗುರುತಾಗಿ ಬಂದ ಚಿನ್ನ ಹೀಗೆ ಕಲ್ಲಾಯಿತು, ಗಾರೆಯಾಯಿತು, ಗುಡಿಯಾಯಿತು. 1926ರ ಜನವರಿ 7ರಂದು ತ್ಯಾಗರಾಜರ ವಿಗ್ರಹದ ಪ್ರತಿಷ್ಠೆ ನೆರವೇರಿತು.

ಆದರೆ ಗುಡಿ ಕಟ್ಟಿದವರಿಗೆ ಆ ಗುಡಿಯ ಮುಂದೆ ಹಾಡುವ ಹಕ್ಕಿರಲಿಲ್ಲ! ತ್ಯಾಗರಾಜರ ಆರಾಧನೆಯನ್ನು ಅಲ್ಲಿ ಎರಡು ಪಂಗಡದವರು ಬೇರೆಬೇರೆಯಾಗಿ ನಡೆಸುತ್ತಿದ್ದರು. ಅವರವರಲ್ಲಿ ಎಷ್ಟೇ ವೈಮನಸ್ಯವಿದ್ದರೂ ಒಂದು ವಿಷಯದಲ್ಲಿ ಮಾತ್ರ ಒಮ್ಮತವಿತ್ತು: ಹೆಂಗಸರು ಆರಾಧನೆಯಲ್ಲಿ ಹಾಡಕೂಡದು. ನಾಗರತ್ನಮ್ಮ ಕೋಪಗೊಂಡು ಗುಡಿಯ ಬಾಗಿಲು ಮುಚ್ಚಲಿಲ್ಲ. ಮನನೊಂದು ಮದರಾಸಿಗೆ ಮರಳಲೂ ಇಲ್ಲ. ಅವರು ಗಾಯಕಿಯರನ್ನು ಕೂಡಿಸಿಕೊಂಡು, ಗುಡಿಯ ಹಿಂಬದಿಯಲ್ಲಿ, 1927ರಿಂದ ತಾವೇ ಆರಾಧನೆ ಆರಂಭಿಸಿದರು. ಜನ ಅದನ್ನು ಹೆಂಗಸರ ಪಂಗಡವೆಂದು ಕರೆದರು. ಮುಂಬದಿಯಲ್ಲಿ ವಿದ್ವಾಂಸರು ಹಾಡುತ್ತಿದ್ದರೆ, ಹಿಂಬದಿಯಲ್ಲಿ ದೇವದಾಸಿ ಮನೆತನಗಳ ಹೆಣ್ಣುಮಕ್ಕಳು ಅದೇ ಗುರುವಿನ ಅದೇ ಕೃತಿಗಳನ್ನು ಭಕ್ತಿಯಿಂದ ಹಾಡುತ್ತಿದ್ದರು.

ವರ್ಷದ ಮೇಲೆ ವರ್ಷ ಹೀಗೆ ನಡೆಯಿತು. ತಾಳ್ಮೆಯೂ ಒಂದು ಬಗೆಯ ಹೋರಾಟವೇ. ಕೊನೆಗೆ ಪಂಗಡಗಳ ಜಗಳದಿಂದ ಎಲ್ಲರೂ ಬೇಸತ್ತರು. ಹಿತೈಷಿಗಳ ಪ್ರಯತ್ನದಿಂದ 1940ರಲ್ಲಿ ಮೂರು ಪಂಗಡಗಳೂ ಒಂದುಗೂಡಿ ಶ್ರೀ ತ್ಯಾಗಬ್ರಹ್ಮ ಮಹೋತ್ಸವ ಸಭೆ ರೂಪುಗೊಂಡಿತು. ಹೆಂಗಸರೂ ಆರಾಧನೆಯಲ್ಲಿ ಹಾಡುವ ಕಾಲ ಬಂದಿತು. ಗುಡಿಯ ಹಿಂಬದಿಯಿಂದ ಮುಂಬದಿಗೆ ಕೆಲವೇ ಹೆಜ್ಜೆ. ಅಷ್ಟು ಹೆಜ್ಜೆ ನಡೆಯಲು ಹದಿಮೂರು ವರ್ಷಗಳು ಹಿಡಿದವು.

ಬಾಳಿನ ಸಂಜೆಯಲ್ಲಿ ನಾಗರತ್ನಮ್ಮ ತಿರುವೈಯಾರಿನಲ್ಲಿಯೇ ನೆಲೆಸಿದರು. ಮದರಾಸಿನ ಸಭೆಗಳಲ್ಲಿ ಮೆರೆದ ಗಾಯಕಿ ಕಾವೇರಿಯ ದಡದಲ್ಲಿ ಗುರುವಿನ ಸೇವಕಿಯಾಗಿ ಸರಳವಾಗಿ ಬಾಳಿದರು. ತ್ಯಾಗಸೇವಾಸಕ್ತೆ ಎಂಬ ಬಿರುದು ಅವರಿಗೆ ಸಂದಿತು. ಹಿಂದಿನ ಬಿರುದುಗಳು ಅವರು ಪಡೆದ ವಿದ್ಯೆಯನ್ನು ಸಾರಿದರೆ ಈ ಬಿರುದು ಅವರು ಮಾಡಿದ ಸೇವೆಯನ್ನು ಸಾರಿತು. ತಮ್ಮ ಆಸ್ತಿಯನ್ನು ಅವರು ಗುಡಿಯ ಪೂಜೆಗೂ ಆರಾಧನೆಗೂ ಉಯಿಲಿನ ಮೂಲಕ ಬಿಟ್ಟುಕೊಟ್ಟರು. ಹೆಂಗಸರಿಗೆ, ಅದರಲ್ಲಿಯೂ ತಮ್ಮ ಸಮುದಾಯದವರಿಗೆ, ಅಲ್ಲಿ ಸೇವೆ ಸಲ್ಲಿಸುವ ಹಕ್ಕು ಎಂದೆಂದಿಗೂ ತಪ್ಪಬಾರದೆಂಬುದು ಅವರ ಇಚ್ಛೆಯಾಗಿತ್ತು.

1952ರ ಮೇ 19ರಂದು ನಾಗರತ್ನಮ್ಮನವರು ಇಹಲೋಕವನ್ನು ತ್ಯಜಿಸಿದರು. ಆಗ ಅವರಿಗೆ ಎಪ್ಪತ್ತಮೂರು ವರ್ಷ. ತ್ಯಾಗರಾಜರ ಗುಡಿಯ ಸಮೀಪದಲ್ಲಿಯೇ ಅವರ ಸಮಾಧಿಯೂ ಆಯಿತು. ಅಲ್ಲಿ ಅವರ ವಿಗ್ರಹವಿದೆ. ಗುಡಿಯತ್ತ ಮುಖ ಮಾಡಿ, ಕೈಮುಗಿದು ಕುಳಿತ ಭಂಗಿ. ಹಾಡಿ ಮುಗಿಸಿದ ಮೇಲೆ ಗುರುವಿಗೆ ನಮಸ್ಕರಿಸುತ್ತಿರುವಂತೆ ಅದು ಕಾಣುತ್ತದೆ.

ಭಾರತ ಸರ್ಕಾರವು ಪದ್ಮ ಪ್ರಶಸ್ತಿಗಳನ್ನು ಆರಂಭಿಸಿದ್ದು 1954ರಲ್ಲಿ. ಅಷ್ಟರಲ್ಲಿ ನಾಗರತ್ನಮ್ಮ ಕಣ್ಮರೆಯಾಗಿದ್ದರು. ಮದರಾಸಿನ ಸಂಗೀತ ವಿದ್ವತ್ಸಭೆಯು ಕೊಡುವ ಸಂಗೀತ ಕಲಾನಿಧಿ ಎಂಬ ಬಿರುದು ಹೆಣ್ಣೊಬ್ಬರಿಗೆ ಮೊದಲು ಸಂದದ್ದು 1968ರಲ್ಲಿ. ಅದನ್ನು ಪಡೆದವರು ಎಂ. ಎಸ್. ಸುಬ್ಬುಲಕ್ಷ್ಮಿಯವರು. 1998ರಲ್ಲಿ ಭಾರತರತ್ನ ಪ್ರಶಸ್ತಿಯೂ ಅವರನ್ನು ಅಲಂಕರಿಸಿತು. ಸುಬ್ಬುಲಕ್ಷ್ಮಿಯವರೂ ದೇವದಾಸಿ ಮನೆತನದಲ್ಲಿ ಹುಟ್ಟಿದವರೆಂಬುದನ್ನು ಇಲ್ಲಿ ನೆನೆಯಬೇಕು. ಹಿರಿಯರು ನೆಟ್ಟ ತೆಂಗಿನ ಫಲವನ್ನು ಕಿರಿಯರು ಕಾಣುವಂತೆ, ನಾಗರತ್ನಮ್ಮನವರ ಪೀಳಿಗೆಯ ಗಾಯಕಿಯರು ಅಪಮಾನ ಸಹಿಸಿ ಸವೆಸಿದ ದಾರಿಯಲ್ಲಿ ಮುಂದಿನವರು ತಲೆಯೆತ್ತಿ ನಡೆದರು.

ಪ್ರತಿ ವರ್ಷ ಪುಷ್ಯ ಬಹುಳ ಪಂಚಮಿಯಂದು ತಿರುವೈಯಾರಿನಲ್ಲಿ ನೂರಾರು ವಿದ್ವಾಂಸರೂ ವಿದುಷಿಯರೂ ಸೇರುತ್ತಾರೆ. ನಾಟ, ಗೌಳ, ಆರಭಿ, ವರಾಳಿ, ಶ್ರೀ ಎಂಬ ಐದು ರಾಗಗಳಲ್ಲಿ ತ್ಯಾಗರಾಜರು ರಚಿಸಿದ ಪಂಚರತ್ನ ಕೃತಿಗಳನ್ನು ಅವರೆಲ್ಲ ಒಂದೇ ಕಂಠದಿಂದ ಹಾಡುತ್ತಾರೆ. ಗಂಡಸರ ದನಿಯೊಡನೆ ಹೆಂಗಸರ ದನಿಯೂ ಕೂಡಿ ಕಾವೇರಿಯ ದಡದಲ್ಲಿ ಮೊಳಗುತ್ತದೆ. ಶಾಲುಗಳು ಹರಿದುಹೋಗುತ್ತವೆ, ತೋಡಾಗಳು ಕೈಬದಲಾಗುತ್ತವೆ, ಬಿರುದುಗಳು ಹಳೆಯ ಕಾಗದಗಳಲ್ಲಿ ಉಳಿಯುತ್ತವೆ. ನಂಜನಗೂಡಿನಲ್ಲಿ ಹುಟ್ಟಿ ಬೆಂಗಳೂರಿನ ಹೆಸರನ್ನು ಹೊತ್ತ ಆ ಕನ್ನಡತಿಗೆ ನಾಡು ಸಲ್ಲಿಸುವ ನಿಜವಾದ ಪ್ರಶಸ್ತಿ ವರ್ಷವರ್ಷವೂ ಕೇಳಿಬರುವ ಆ ಹೆಣ್ಣುದನಿಯೇ ಆಗಿದೆ.